‘ಸ್ಪ್ರ್ಯಾಗ್’: ಕಲ್ಲಿದ್ದಲಿಗೆ ಊರೆಯೋ, ಗಾಲಿಗೆ ಅಡ್ಡಗೂಟವೋ?

ನುಡಿಬೇರು

ಬ್ರಿಟನ್ನಿನ ಹಳೆಯ ಕಲ್ಲಿದ್ದಲು ಗಣಿಗಳ ಪದಗಳಿಗೆ ಕನ್ನಡದಲ್ಲಿ ಅರ್ಥ ಬರೆಯುವ ಕೆಲಸ ‘ಸ್ಪ್ರ್ಯಾಗ್’ ಎಂಬಲ್ಲಿ ಬಂದು ನಿಂತಿದೆ. ಒಂದು ಕಡೆ ಅದು ಕಲ್ಲಿದ್ದಲಿನ ಅಡಿಗೆ ಕೊಡುವ ಮೋಟು ಕಂಬ, ಅಂದರೆ ಊರೆ. ಇನ್ನೊಂದು ಕಡೆ ಗಣಿ ಗಾಡಿಯ ಗಾಲಿಗೆ ತೂರಿಸುವ ಮರದ ತುಂಡು. ಮೊದಮೊದಲ ಮೋಟಾರು ಕಾರುಗಳ ವಿವರಣೆಯಲ್ಲಿ ಕಾರಿನ ಹಿಂದೆ ನೇತಾಡುವ ಕಬ್ಬಿಣದ ಸಲಾಕೆಗೂ ಅದೇ ಹೆಸರು. ಬೈಕ್ ಮೆಕ್ಯಾನಿಕ್ಕುಗಳ ಬಾಯಲ್ಲಂತೂ ‘ಸ್ಪ್ರ್ಯಾಗ್ ಕ್ಲಚ್’ ದಿನನಿತ್ಯದ ಮಾತು.

ಇವೆಲ್ಲ ಒಂದೇ ಪದವೇ? ಯಾವ ಅರ್ಥ ಮೊದಲು ಹುಟ್ಟಿತು? ಕನ್ನಡಕ್ಕೆ ಒಂದೇ ಮಾತಿನಲ್ಲಿ ತರಬಹುದೇ? ವಸ್ತು ಹೇಗಿತ್ತು, ಹೇಗೆ ಬಳಸುತ್ತಿದ್ದರು ಎಂದು ಬಲ್ಲವರು ತಮ್ಮ ಅಡ್ಡಹೆಸರಿನಲ್ಲಿ ಇಲ್ಲಿ ಬರೆದರೆ ಅರ್ಥ ತಾನಾಗಿ ತಿಳಿಯಾಗುತ್ತದೆ.

ಎರಡನೇ ಪಾಳಿ

ಮೊದಲು ಕಂಬದ ಅರ್ಥ ಹಿಡಿಯೋಣ, ದಾಖಲೆಯಲ್ಲಿ ಹಳೆಯದು ಅದೇ.

ಯಂತ್ರ ಬರುವ ಮುಂಚೆ ಕಲ್ಲಿದ್ದಲನ್ನು ಎದುರಿನಿಂದ ಗುದ್ದಿ ಬೀಳಿಸುತ್ತಿರಲಿಲ್ಲ. ಹಾಗೆ ಮಾಡಿದರೆ ಪುಡಿಯಾಗುತ್ತದೆ, ಪುಡಿಗೆ ಬೆಲೆ ಇಲ್ಲ. ಕೆಲಸಗಾರ ಪಕ್ಕಕ್ಕೆ ಒರಗಿ ಮಲಗಿ, ಪದರದ ಬುಡದಲ್ಲಿ ಪಿಕಾಸಿಯಿಂದ ಉದ್ದಕ್ಕೆ ಸೀಳು ಕೊರೆಯುತ್ತಿದ್ದ. ಈ ಕೆಲಸಕ್ಕೆ ‘ಹೋಲಿಂಗ್’ ಎಂದು ಹೆಸರು. ಸೀಳಿನ ಬಾಯಿ ಒಂದು, ಒಂದೂವರೆ ಅಡಿ ಎತ್ತರ; ಒಳಗೆ ಹೋದಂತೆ ಕಿರಿದಾಗುತ್ತಾ ಮೂರು ನಾಲ್ಕು ಅಡಿ ಆಳ. ಅಂದರೆ ಅವನ ತಲೆ, ಭುಜದ ಮೇಲೆ ಟನ್ನುಗಟ್ಟಲೆ ಕಲ್ಲಿದ್ದಲು ಹಿಂಬದಿಯ ಹಿಡಿತವೊಂದರ ಮೇಲೆ ಜೋತುಕೊಂಡಿರುತ್ತದೆ. ಆ ಸೀಳಿನ ಬಾಯಿಯಲ್ಲಿ ನೆಲಕ್ಕೂ ಕಲ್ಲಿದ್ದಲಿನ ತಳಕ್ಕೂ ನಡುವೆ ಕೊಡುವ ಮೋಟು ಊರೆಯೇ ಸ್ಪ್ರ್ಯಾಗ್.

ಬ್ರಿಟನ್ನಿನ 1887ರ ಕಲ್ಲಿದ್ದಲು ಗಣಿ ಕಾಯ್ದೆಯಲ್ಲಿ ಈ ಪದ ನೇರವಾಗಿ ಬಂದಿದೆ. ‘ಸ್ಪ್ರ್ಯಾಗ್ ಅಥವಾ ಹೋಲಿಂಗ್ ಪ್ರಾಪ್’ಗಳು ಬೇಕಾದ ಕಡೆ ಒಂದರಿಂದ ಇನ್ನೊಂದಕ್ಕೆ 6 ಅಡಿಗಿಂತ ಹೆಚ್ಚು ಅಂತರ ಇರಕೂಡದು, ಗಣಿಯ ಮಾಲೀಕ ಅಥವಾ ಮ್ಯಾನೇಜರ್ ಇನ್ನೂ ಕಡಿಮೆ ಹೇಳಿದರೆ ಅಷ್ಟೇ ಇರಬೇಕು ಎಂಬುದು ನಿಯಮ. ಕಾನೂನೇ ಎರಡು ಹೆಸರನ್ನು ಜೋಡಿಸಿ ಹೇಳಿದ್ದರಿಂದ ಅರ್ಥದಲ್ಲಿ ಅನುಮಾನ ಉಳಿಯುವುದಿಲ್ಲ.

ಊರೆ ಕೊಡುವುದರಲ್ಲೂ ಲೆಕ್ಕವಿದೆ. ಸೀಳಿನ ಒಳಗೆ ತೀರಾ ಆಳದಲ್ಲಿ ಕೊಟ್ಟರೆ ಪ್ರಯೋಜನ ಕಡಿಮೆ. ಕಲ್ಲಿದ್ದಲು ಬಾಗಿಲಿನ ಹಾಗೆ ಹಿಂಬದಿಯನ್ನು ಕೀಲಾಗಿ ಮಾಡಿಕೊಂಡು ಮುಂದಕ್ಕೆ ಬಾಗಿ ಬೀಳುವುದು. ಆದ್ದರಿಂದ ಊರೆ ಬಾಯಿಯ ಹತ್ತಿರವೇ ಇರಬೇಕು. ನೆಲ ಮೆತ್ತನೆಯ ಜೇಡಿಯಾದರೆ ಊರೆಯ ಬುಡ ಹೂತುಹೋಗುತ್ತದೆ, ನೋಡುವವರಿಗೆ ಊರೆ ನಿಂತಂತೆಯೇ ಕಾಣುತ್ತದೆ, ಭಾರ ಮಾತ್ರ ಹೊತ್ತಿರುವುದಿಲ್ಲ. ಅದಕ್ಕೆ ಬುಡದಲ್ಲಿ ಹಲಗೆ ತುಂಡು. ಮೇಲೆ ಕಲ್ಲಿದ್ದಲು ಪುಡಿಯಾಗುವಂತಿದ್ದರೆ ತಲೆಯ ಮೇಲೂ ಇನ್ನೊಂದು ಹಲಗೆ, ನಡುವೆ ಬೆಣೆ ಹೊಡೆದು ಬಿಗಿ. ಬೆಣೆ ಹೊಡೆದ ಮೇಲೆ ಊರೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಬೇಕು. ಭಾರ ಹೊತ್ತ ಮರ ಗಟ್ಟಿಯಾಗಿ ‘ಠಣ್’ ಎನ್ನುತ್ತದೆ, ಸುಮ್ಮನೆ ನಿಂತದ್ದು ಟೊಳ್ಳು ಸದ್ದು ಕೊಡುತ್ತದೆ.

ಪದರ ಎತ್ತರವಾಗಿದ್ದು ಕಲ್ಲಿದ್ದಲಿನ ಮೈಯೇ ಮುಂದಕ್ಕೆ ಕಳಚುವ ಹೆದರಿಕೆ ಇದ್ದರೆ, ಮೈಗೆ ಅಡ್ಡಲಾಗಿ ಒಂದು ಮರ ಇಟ್ಟು, ಅದನ್ನು ಮೇಲಿನಿಂದ ಒಂದು, ಕೆಳಗಿನಿಂದ ಒಂದು ಓರೆ ಊರೆಯಿಂದ ಒತ್ತಿ ಹಿಡಿಯುತ್ತಿದ್ದರು. ಮೂರು ತುಂಡಿನ ಈ ಕಟ್ಟಿಗೆ ‘ಕಾಕರ್‌ಮೆಗ್’ ಎಂದು ಹೆಸರು. ಇಂದಿನ ಲಾಂಗ್‌ವಾಲ್ ಗಣಿಯ (ಕಲ್ಲಿದ್ದಲನ್ನು ಒಂದೇ ಉದ್ದ ಗೋಡೆಯಾಗಿ ಕತ್ತರಿಸುವ ಗಣಿ) ಹೈಡ್ರಾಲಿಕ್ ಆಸರೆಗಳ ತುದಿಯಲ್ಲಿ ಕಲ್ಲಿದ್ದಲಿನ ಮೈಯನ್ನು ಒತ್ತಿ ಹಿಡಿಯುವ ಉಕ್ಕಿನ ರೆಕ್ಕೆ ಇರುತ್ತದಲ್ಲ, ಅದನ್ನು ಈಗಲೂ ‘ಫೇಸ್ ಸ್ಪ್ರ್ಯಾಗ್’ ಎನ್ನುತ್ತಾರೆ. ಮರ ಹೋಗಿ ಉಕ್ಕು ಬಂದರೂ ಹೆಸರು ಉಳಿದುಕೊಂಡಿತು.

ಹಳಿಗಾಲಿ

ಗಾಲಿಯ ಕಡೆಯದು ನಾನು ಬರೆಯುತ್ತೇನೆ.

ಹಳೆಯ ಗಣಿ ಟಬ್ಬಿಗೆ, ಅಂದರೆ ಕಲ್ಲಿದ್ದಲು ಸಾಗಿಸುವ ಪುಟ್ಟ ಗಾಡಿಗೆ, ಬ್ರೇಕೇ ಇರಲಿಲ್ಲ. ನಾಲ್ಕು ಎರಕದ ಗಾಲಿ, ಗಾಲಿಯಲ್ಲಿ ಅರಗಳು, ಮೇಲೆ ಮರದ ಅಥವಾ ತಗಡಿನ ಪೆಟ್ಟಿಗೆ. ಇಳಿಜಾರಿನಲ್ಲಿ ಅದನ್ನು ಹಿಡಿದು ನಿಲ್ಲಿಸಲು ಇದ್ದದ್ದು ಈ ಮರದ ತುಂಡು ಒಂದೇ. ಸುಮಾರು ಒಂದೂವರೆ ಅಡಿ ಉದ್ದ, ಎರಡರಿಂದ ಮೂರು ಇಂಚು ದಪ್ಪ, ಎರಡೂ ತುದಿ ಚೂಪು ಮಾಡಿದ ಗಟ್ಟಿ ಮರ. ಎರಡೂ ತುದಿ ಯಾಕೆ ಚೂಪು ಎಂದರೆ ಕತ್ತಲೆಯಲ್ಲಿ ಯಾವ ತುದಿ ಕೈಗೆ ಸಿಕ್ಕರೂ ನಡೆಯಬೇಕು, ತಿರುಗಿಸಿ ನೋಡುವ ಹೊತ್ತು ಅದಲ್ಲ.

ಇದು ಕೆಲಸ ಮಾಡುವ ರೀತಿಯನ್ನು ಬಹಳ ಜನ ತಪ್ಪು ತಿಳಿದಿದ್ದಾರೆ. ಸ್ಪ್ರ್ಯಾಗನ್ನು ಗಾಲಿಯ ಮುಂದೆ ಹಳಿಯ ಮೇಲೆ ಇಡುವುದಲ್ಲ, ಅದು ಬೇರೆ ವಸ್ತು, ಅದಕ್ಕೆ ‘ಸ್ಕಾಚ್’ ಎಂದು ಹೆಸರು. ಸ್ಪ್ರ್ಯಾಗ್ ಹೋಗುವುದು ಎರಡು ಅರಗಳ ಸಂದಿಗೆ. ಗಾಲಿ ತಿರುಗುತ್ತಾ ಅದನ್ನು ಹೊತ್ತುಕೊಂಡು ಮೇಲೇರುತ್ತದೆ. ಟಬ್ಬಿನ ತಳದ ಚೌಕಟ್ಟಿಗೆ ತಾಗಿದ ಕ್ಷಣ ಗಾಲಿ ಕಟ್ಟಿಹಾಕಿದಂತೆ ನಿಲ್ಲುತ್ತದೆ. ಅಲ್ಲಿಂದ ಮುಂದೆ ಗಾಲಿ ಉರುಳುವುದಿಲ್ಲ, ಹಳಿಯ ಮೇಲೆ ಜಾರುತ್ತದೆ. ಟಬ್ಬನ್ನು ನಿಧಾನ ಮಾಡುವುದು ಆ ಜಾರುವಿಕೆಯ ಘರ್ಷಣೆ.

ಅಮೆರಿಕದ ಪೆನ್ಸಿಲ್ವೇನಿಯಾದ ಆಂಥ್ರಸೈಟ್ (ಗಟ್ಟಿ ಕಲ್ಲಿದ್ದಲು) ಗಣಿಗಳಲ್ಲಿ ಇದಕ್ಕೆಂದೇ ‘ಸ್ಪ್ರ್ಯಾಗರ್’ ಎಂಬ ಕೆಲಸ ಇತ್ತು, ಮಾಡುತ್ತಿದ್ದವರು ಬಹುಪಾಲು ಹುಡುಗರು. ಕಂಕುಳಲ್ಲಿ ಸ್ಪ್ರ್ಯಾಗ್ ಹಿಡಿದು ಗಾಡಿಯ ಪಕ್ಕದಲ್ಲಿ ಓಡುತ್ತಾ ಒಂದೊಂದಾಗಿ ಗಾಲಿಗೆ ಕೊಡಬೇಕು. ಬೆರಳು, ಕೈ ಕಳೆದುಕೊಂಡವರು ಅನೇಕರು. ಕಾರಣ ಸ್ಪಷ್ಟ: ಮರದ ತುಂಡನ್ನು ಕೈಯಲ್ಲಿ ಹಿಡಿದೇ ತಳ್ಳಿದರೆ ಅರ ಅದನ್ನು ಹಿಡಿದ ಕೂಡಲೇ ಕೈಯನ್ನೂ ಚೌಕಟ್ಟಿನವರೆಗೆ ಎಳೆಯುತ್ತದೆ. ಗಾಡಿಯ ವೇಗ ತೀರಾ ಹೆಚ್ಚಾಗಿದ್ದರೆ ಸ್ಪ್ರ್ಯಾಗ್ ಒಳಗೆ ಹೋಗುವುದೇ ಕಷ್ಟ. ಅರ ಅದಕ್ಕೆ ಹೊಡೆದು ವಾಪಸು ಎಸೆಯುತ್ತದೆ ಇಲ್ಲವೇ ಸೀಳಿಹಾಕುತ್ತದೆ. ಅದಕ್ಕೆ ಇಳಿಜಾರು ಶುರುವಾಗುವ ಮುಂಚೆಯೇ, ಗಾಡಿ ಇನ್ನೂ ನಿಧಾನವಾಗಿರುವಾಗಲೇ ಕೊಡಬೇಕು. ತುದಿಯನ್ನು ಹಿಡಿದು, ಗುರಿಯಿಟ್ಟು ಎಸೆದು, ಕೈ ಬಿಟ್ಟುಬಿಡಬೇಕು. ನಿಲ್ಲುವುದು ಯಾವಾಗಲೂ ಪಕ್ಕದಲ್ಲಿ, ಎಂದೂ ಮುಂದೆ ಅಲ್ಲ.

ಕರಿಜಾಲಿ

ಹಳಿಗಾಲಿ ಅವರೇ, ಒಂದು ಗಾಲಿಗೆ ಕೊಟ್ಟರೆ ಸಾಕೇ? ಎಷ್ಟು ಗಾಲಿ ಎಂದು ಹೇಗೆ ನಿರ್ಧರಿಸುತ್ತಿದ್ದರು?

ಹಳಿಗಾಲಿ

ಲೆಕ್ಕ ಸರಳ. ತುಂಬಿದ ಟಬ್ಬು 1000 ಕಿಲೋ, ಇಳಿಜಾರು 12ಕ್ಕೆ 1 ಎಂದಿಟ್ಟುಕೊಳ್ಳಿ. ಕೆಳಕ್ಕೆ ಎಳೆಯುವ ಬಲ 1000 ಭಾಗಿಸು 12, ಅಂದರೆ ಸುಮಾರು 83 ಕಿಲೋ. ಸಾದಾ ಬೇರಿಂಗಿನ ಟಬ್ಬಿಗೆ ಉರುಳುವ ತಡೆಯನ್ನು ತೂಕದ 60ರಲ್ಲಿ ಒಂದು ಪಾಲು ಎಂದು ಹಿಡಿಯೋಣ. ಒಣ ಹಳಿಯ ಮೇಲೆ ಜಾರುವ ಗಾಲಿಯ ಘರ್ಷಣೆ ಗುಣಾಂಕ 0.2.

ಒಂದು ಗಾಲಿ ಕಟ್ಟಿದರೆ: ಆ ಗಾಲಿಯ ಮೇಲಿನ 250 ಕಿಲೋಗೆ 50 ಕಿಲೋ ತಡೆ, ಉಳಿದ ಮೂರರಿಂದ ಹನ್ನೆರಡೂವರೆ. ಒಟ್ಟು ಅರವತ್ತೆರಡೂವರೆ. 83ಕ್ಕೆ ಸಾಲದು, ಟಬ್ಬು ಇನ್ನೂ ವೇಗ ಕೂಡಿಸಿಕೊಳ್ಳುತ್ತಲೇ ಹೋಗುತ್ತದೆ. ಎರಡು ಕಟ್ಟಿದರೆ: 100 ಮತ್ತು ಎಂಟು ಚಿಲ್ಲರೆ. ನಿಲ್ಲುತ್ತದೆ. ಈಗ ಅದೇ ಹಳಿ ಒದ್ದೆಯಾಗಿ, ಕೆಸರಾಗಿ ಗುಣಾಂಕ 0.1ಕ್ಕೆ ಇಳಿಯಿತು ಎನ್ನಿ. ಎರಡು ಗಾಲಿಗೆ ಸಿಗುವುದು 58 ಕಿಲೋ ಮಾತ್ರ, ನಾಲ್ಕನ್ನೂ ಕಟ್ಟಿದರಷ್ಟೇ 100 ಆಗಿ ಟಬ್ಬು ನಿಂತೀತು. ನಿನ್ನೆ ಎರಡು ಸ್ಪ್ರ್ಯಾಗಿಗೆ ನಿಂತ ಜಾಗದಲ್ಲಿ ಇಂದು ಓಡಿಹೋಗುವುದು ಹೀಗೆ. ನೀರು ಸೋರುವ ಸುರಂಗದಲ್ಲಿ ಹಳಿಯ ಮೇಲೆ ಮರಳು ಹಾಕುವುದೂ ಇದಕ್ಕೇ.

ಒಂದಕ್ಕೊಂದು ಕೊಂಡಿ ಹಾಕಿದ ಸಾಲಾದರೆ ಇನ್ನೊಂದು ಯೋಚನೆ ಬೇಕು. ಹಿಂದಿನ, ಅಂದರೆ ಮೇಲ್ತುದಿಯ ಟಬ್ಬಿಗೆ ಕೊಟ್ಟರೆ ಕೊಂಡಿಗಳೆಲ್ಲ ಬಿಗಿಯಾಗಿ ಸಾಲು ನೇರ ಇಳಿಯುತ್ತದೆ, ಆದರೆ ನಡುವೆ ಒಂದು ಕೊಂಡಿ ಕಡಿದರೆ ಮುಂದಿನವು ತಡೆಯಿಲ್ಲದೆ ಹೊರಟುಹೋಗುತ್ತವೆ. ಮುಂದಿನದಕ್ಕೆ ಮಾತ್ರ ಕೊಟ್ಟರೆ ಹಿಂದಿನವು ಬಂದು ಗುದ್ದಿ, ತಿರುವಿನಲ್ಲಿ ಹಳಿ ತಪ್ಪಿಸುತ್ತವೆ. ಹಂಚಿ ಕೊಡುವುದೇ ಸರಿಯಾದ ದಾರಿ.

ಗಾಲಿಗೂ ಪೆಟ್ಟು ಬೀಳುತ್ತದೆ. ಕಟ್ಟಿದ ಗಾಲಿ ಜಾರಿ ಜಾರಿ ಒಂದು ಕಡೆ ಚಪ್ಪಟೆಯಾಗುತ್ತದೆ. ಆಮೇಲೆ ಉರುಳುವಾಗ ‘ದಡ್ ದಡ್’ ಎಂದು ಹಳಿಯ ಜೋಡಣೆಗಳನ್ನು ಸಡಿಲಿಸುತ್ತದೆ. ರೋಲರ್ ಬೇರಿಂಗು ಬಂದ ಮೇಲೆ ಟಬ್ಬು ಇನ್ನೂ ಸಣ್ಣ ಇಳಿಜಾರಿನಲ್ಲಿ ತಾನಾಗಿ ಹೊರಡುವಂತಾಯಿತು. ತಟ್ಟೆಯಂತಹ ಗಾಲಿ ಬಂದ ಮೇಲೆ ಸ್ಪ್ರ್ಯಾಗ್ ತೂರಿಸಲು ಸಂದಿಯೇ ಇಲ್ಲವಾಯಿತು. ತಟ್ಟೆಯಲ್ಲಿ ಬೇಕೆಂದೇ ತೂತು ಬಿಟ್ಟ ಗಾಲಿಗಳು ಬಂದದ್ದು ಅದಕ್ಕೆ.

ನುಡಿಬೇರು

ತುಂಬಾ ಉಪಕಾರವಾಯಿತು. ಈಗ ಪದದ ಬೇರಿನ ಮಾತು.

ನಿಘಂಟುಗಳು ಕೊಡುವ ಮೊದಲ ಬರಹದ ಕುರುಹು ಗಣಿಯ ಊರೆಯ ಅರ್ಥಕ್ಕೆ 1841, ಗಾಲಿ ತಡೆಯುವ ತುಂಡಿನ ಅರ್ಥಕ್ಕೆ 1878. ಇದನ್ನು ಹುಟ್ಟಿದ ವರ್ಷ ಎಂದು ಓದಬಾರದು. ಗಣಿಯೊಳಗಿನ ಮಾತು ಅಚ್ಚಿಗೆ ಬರುವಷ್ಟರಲ್ಲಿ ಬಾಯಲ್ಲಿ ಎಷ್ಟು ಕಾಲ ಓಡಾಡಿರುತ್ತದೋ. ಆದರೂ ಊರೆ ಮೊದಲು, ಗಾಲಿ ನಂತರ ಎಂಬ ಕ್ರಮ ಒಪ್ಪುವಂಥದ್ದು: ಕೈಗೆಟುಕುವಷ್ಟು ದೂರದಲ್ಲಿ ಬಿದ್ದಿದ್ದ ಮೋಟು ಊರೆಯನ್ನೇ ಗಾಲಿಗೂ ಕೊಟ್ಟಿರಬೇಕು.

ಮೂಲ ಯಾವುದೆಂದು ನಿಘಂಟುಗಳು ಖಚಿತವಾಗಿ ಹೇಳುವುದಿಲ್ಲ. ಕೆಲವು ‘ಮೂಲ ಅಸ್ಪಷ್ಟ’ ಎಂದು ಬಿಟ್ಟಿವೆ, ಕೆಲವು ಸ್ವೀಡನ್ನಿನ ಆಡುಮಾತಿನಲ್ಲಿ ‘ಕೊಂಬೆ’ ಎಂಬ ಅರ್ಥದ ‘ಸ್ಪ್ರಗ್’ ಪದದ ಕಡೆ ಬೆರಳು ತೋರಿಸುತ್ತವೆ. ಕಡಿದ ಕೊಂಬೆಯ ತುಂಡು ಊರೆಯಾಗುವುದು ಸಹಜ, ನನಗೂ ಒಲವು ಆ ಕಡೆಗೇ.

ಒಂದು ಹಾದಿಯಲ್ಲಿ ಮಾತ್ರ ಹೋಗಬಾರದು. ಶೇಕ್ಸ್‌ಪಿಯರನ ‘ದ ಮೆರಿ ವೈವ್ಸ್ ಆಫ್ ವಿಂಡ್ಸರ್’ ನಾಟಕದಲ್ಲಿ ವೇಲ್ಸಿನ ಪಾದ್ರಿ ಒಬ್ಬ ಹುಡುಗನ ನೆನಪಿನ ಶಕ್ತಿಯನ್ನು ‘ಸ್ಪ್ರ್ಯಾಗ್’ ಎಂದು ಹೊಗಳುತ್ತಾನೆ. ಅದನ್ನು ಹಿಡಿದು ಈ ಪದ 1600ರ ಸುಮಾರಿಗೇ ಇತ್ತು ಎನ್ನುವವರಿದ್ದಾರೆ. ಅದು ‘ಚುರುಕು’ ಎಂಬ ಅರ್ಥದ ‘ಸ್ಪ್ರ್ಯಾಕ್’, ವೇಲ್ಸಿನವರ ಉಚ್ಚಾರವನ್ನು ತೋರಿಸಲು ಕೊನೆಯ ಅಕ್ಷರ ಬದಲಿಸಿದ್ದು. ಊರೆಗೂ ಅದಕ್ಕೂ ನಂಟಿಲ್ಲ. ಮೀನು ಮಾರುವವರು ಒಂದು ಗಾತ್ರದ ಕಾಡ್ ಮೀನಿಗೆ ‘ಸ್ಪ್ರ್ಯಾಗ್’ ಎನ್ನುವುದನ್ನೂ ಪಕ್ಕಕ್ಕಿಡಿ.

ಕರಿಜಾಲಿ

ಗಾಡಿಗಳ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ, ಏಕೆಂದರೆ ಗಾಡಿಯ ತಡೆಗಳನ್ನು ಒಂದೇ ಗಂಟಿಗೆ ಕಟ್ಟಿದರೆ ಅರ್ಥ ಕೆಡುತ್ತದೆ. ಏರು ಹತ್ತುವಾಗಿನ ತಡೆ ಬೇರೆ, ಇಳಿಯುವಾಗಿನದು ಬೇರೆ.

ಇಂಗ್ಲೆಂಡಿನ ಕುದುರೆ ಗಾಡಿಯಲ್ಲಿ ಏರಿನಲ್ಲಿ ಕುದುರೆ ನಿಂತು ಉಸಿರು ತೆಗೆದುಕೊಳ್ಳಬೇಕಲ್ಲ, ಆಗ ಗಾಡಿ ಹಿಂದಕ್ಕೆ ಜಾರಬಾರದು. ಅದಕ್ಕೆ ಹಿಂದಿನ ಅಚ್ಚಿಗೆ ಕಟ್ಟಿದ ಒಂದು ಗಟ್ಟಿ ಕೋಲು ನೆಲದ ಮೇಲೆ ಎಳೆದುಕೊಂಡು ಬರುತ್ತಿತ್ತು. ಗಾಡಿ ಹಿಂದಕ್ಕೆ ಸರಿದೊಡನೆ ಕೋಲಿನ ಚೂಪು ತುದಿ ನೆಲಕ್ಕೆ ಕಚ್ಚಿ ಊರೆಯಾಗುತ್ತದೆ. ಇಲ್ಲವೇ ಹಿಂದಿನ ಗಾಲಿಯ ಬೆನ್ನಿಗೇ ಸರಪಳಿಯಲ್ಲಿ ಒಂದು ಮರದ ಉರುಳೆ ಹಿಂಬಾಲಿಸುತ್ತಿತ್ತು; ಗಾಡಿ ಹಿಂದಕ್ಕೆ ಬಂದರೆ ಉರುಳೆಯ ಮೇಲೆ ಗಾಲಿ ಕೂರುತ್ತದೆ. ಇಳಿಜಾರಿಗೆ ಇವೆರಡೂ ಉಪಯೋಗವಿಲ್ಲ. ಅಲ್ಲಿ ಗಾಲಿಯ ಅಡಿಗೆ ಕಬ್ಬಿಣದ ಪಾದರಕ್ಷೆಯಂಥ ತಟ್ಟೆ ಕೊಟ್ಟು, ಸರಪಳಿಯಿಂದ ಮುಂದಕ್ಕೆ ಬಿಗಿದು, ಗಾಲಿಯನ್ನು ಜಾರುಬಂಡಿ ಮಾಡುತ್ತಿದ್ದರು. ಗಾಲಿಯ ಹಳಿ, ಅಂದರೆ ಸುತ್ತಿನ ಕಬ್ಬಿಣದ ಪಟ್ಟಿ, ಸವೆಯುವ ಬದಲು ತಟ್ಟೆ ಸವೆಯುತ್ತದೆ. ಉದ್ದ ಇಳಿಜಾರಿನಲ್ಲಿ ತಟ್ಟೆ ಕೈ ಸುಡುವಷ್ಟು ಕಾಯುತ್ತದೆ. ಬಿಡಿಸಬೇಕಾದರೆ ಗಾಡಿಯನ್ನು ಸ್ವಲ್ಪ ಹಿಂದಕ್ಕೆ ತಳ್ಳಿ ಗಾಲಿಯನ್ನು ತಟ್ಟೆಯಿಂದ ಇಳಿಸಬೇಕು.

ನಮ್ಮ ಎತ್ತಿನ ಗಾಡಿಯ ‘ಬಿರಿ’ ಇವುಗಳಿಗಿಂತ ಬೇರೆ ಜಾತಿ. ಅದು ಗಾಲಿಯನ್ನು ಪೂರ್ತಿ ಕಟ್ಟುವುದಿಲ್ಲ. ಅಡ್ಡ ಮರವನ್ನು ಗಾಲಿಯ ಹಳಿಗೆ ಒತ್ತಿ ಉಜ್ಜುತ್ತದೆ, ಹಗ್ಗ ಬಿಗಿದಷ್ಟೂ ಹಿಡಿತ ಹೆಚ್ಚು. ಬೇಕಾದಷ್ಟೇ ಹಿಡಿಯುವ ಅನುಕೂಲ ಅದರಲ್ಲಿದೆ, ಸ್ಪ್ರ್ಯಾಗಿನಲ್ಲಿ ಇಲ್ಲ: ಗಾಲಿ ಒಂದೋ ಉರುಳುತ್ತದೆ, ಇಲ್ಲವೇ ನಿಂತುಬಿಡುತ್ತದೆ. ಆದ್ದರಿಂದ ಸ್ಪ್ರ್ಯಾಗಿಗೆ ‘ಬಿರಿ’ ಎಂದು ಕನ್ನಡ ಮಾಡಬೇಡಿ. ಹಾಗೆಯೇ ನಿಂತ ಗಾಡಿಗೆ ‘ಗಾಲಿಗೆ ಕಲ್ಲು ಕೊಡು’ ಎನ್ನುತ್ತೇವಲ್ಲ, ಅದು ಹಳಿಗಾಲಿ ಅವರು ಹೇಳಿದ ‘ಸ್ಕಾಚ್’ಗೆ ಸರಿಹೊಂದುತ್ತದೆ.

ಮರ ಯಾವುದೆಂದು ಯಾರಾದರೂ ಕೇಳಿದರೆ: ಸೀಳದೆ ಬಾಗುವ ಮರ ಬೇಕು. ಇಂಗ್ಲೆಂಡಿನವರಿಗೆ ಓಕ್ ಮತ್ತು ಆ್ಯಶ್, ಅಮೆರಿಕದವರಿಗೆ ಹಿಕರಿ. ನಮ್ಮಲ್ಲಿ ಗಾಲಿಯ ಗುಂಬಕ್ಕೂ ಅರಕ್ಕೂ ಕರಿಜಾಲಿ ಆರಿಸುವುದು ಇದೇ ಗುಣಕ್ಕಾಗಿ.

ಎರಡನೇ ಪಾಳಿ

ಕರಿಜಾಲಿ ಅವರು ಹೇಳಿದ ಹಿಂಬದಿಯ ಕೋಲು ಗಣಿಯಲ್ಲೂ ಇತ್ತು. ಮೇಲಕ್ಕೆ ಹಗ್ಗದಿಂದ ಎಳೆಯುವ ಟಬ್ ಸಾಲಿನ ಕೊನೆಯ ಟಬ್ಬಿಗೆ ಕವಲು ಕಬ್ಬಿಣ ಸಿಕ್ಕಿಸಿ ನೆಲದ ಮೇಲೆ ಎಳೆದುಕೊಂಡು ಹೋಗುತ್ತಾರೆ. ಹಗ್ಗ ಕಡಿದರೆ ಟಬ್ಬು ಹಿಂದಕ್ಕೆ ಬಂದು ಕವಲು ನೆಲಕ್ಕೆ ಹೂತು ಸಾಲನ್ನು ಹಿಡಿಯುತ್ತದೆ ಅಥವಾ ಹಳಿ ತಪ್ಪಿಸಿ ಕೆಡವುತ್ತದೆ. ಕೆಡವಿದರೂ ಒಳ್ಳೆಯದೇ, ಕೆಳಗೆ ಜನ ಇರುತ್ತಾರೆ. ಅದಕ್ಕೆ ‘ಬ್ಯಾಕ್‌ಸ್ಟೇ’, ‘ಡ್ರ್ಯಾಗ್’ ಎಂದು ಹೆಸರು, ಇಂಗ್ಲಿಷಿನ ಹಳೆಯ ಗಣಿ ಮಾತಿನಲ್ಲಿ ‘ಕೌ’ ಎಂದೂ ಕರೆದಿದ್ದಾರೆ. ಸ್ಕಾಟ್ಲೆಂಡಿನಲ್ಲಿ ಗಾಲಿಗೆ ತೂರಿಸುವ ತುಂಡಿಗೆ ‘ಸ್ನಿಬಲ್’. ಒಂದೇ ವಸ್ತುವಿಗೆ ಕಣಿವೆಗೊಂದು ಹೆಸರು.

ಹಳಿಗಾಲಿ

ಮೊದಮೊದಲ ಮೋಟಾರು ಕಾರಿನವರು ತೆಗೆದುಕೊಂಡದ್ದು ಇದೇ ಹಿಂಬದಿ ಕೋಲನ್ನು, ಹೆಸರು ಮಾತ್ರ ಗಾಲಿಯ ತುಂಡಿನದು. ಆಗಿನ ಬ್ರೇಕುಗಳು ಕಾರು ಮುಂದಕ್ಕೆ ಹೋಗುವಾಗ ಚೆನ್ನಾಗಿ ಹಿಡಿಯುತ್ತಿದ್ದವು. ಎಷ್ಟೋ ಪಟ್ಟಿ ಬ್ರೇಕುಗಳು ಹಿಂದಕ್ಕೆ ತಿರುಗಿದರೆ ಸಡಿಲವಾಗುತ್ತಿದ್ದವು. ಗುಡ್ಡದ ನಡುವೆ ಇಂಜಿನ್ ನಿಂತರೆ ಗತಿ ಇಲ್ಲ. ಅದಕ್ಕೆ ಹಿಂದಿನ ಅಚ್ಚಿನ ಹತ್ತಿರ ಕೀಲು ಹಾಕಿದ ಸಲಾಕೆ, ಅದನ್ನು ಮೇಲೆತ್ತಿ ಹಿಡಿಯಲು ಚಾಲಕನ ಕೈಗೆ ಒಂದು ತಂತಿ. ಏರು ಶುರುವಾಗುವ ಮೊದಲೇ ತಂತಿ ಬಿಟ್ಟು ಸಲಾಕೆಯನ್ನು ನೆಲಕ್ಕೆ ಇಳಿಸಿ, ಎಳೆದುಕೊಂಡೇ ಹತ್ತಬೇಕು. ಕಾರು ಹಿಂದಕ್ಕೆ ಉರುಳಲು ತೊಡಗಿದ ಮೇಲೆ ಗಾಬರಿಯಲ್ಲಿ ಇಳಿಸಿದರೆ ದೊಡ್ಡ ಅನಾಹುತ: ಚಲಿಸುತ್ತಿರುವ ಕಾರು ಸಲಾಕೆಯ ಮೇಲೆ ಏರಿ ಹಿಂಬದಿ ಗಾಳಿಗೆ ಎದ್ದು, ಅದನ್ನು ದಾಟಿ ಕುಕ್ಕರಿಸುತ್ತದೆ. ಆಮೇಲೆ ಸಲಾಕೆ ಮುಂದಕ್ಕೆ ಮಲಗಿ ಯಾವ ಕೆಲಸಕ್ಕೂ ಬಾರದು.

ಸ್ಪ್ಯಾನರ್ 14

ಸ್ಪ್ರ್ಯಾಗ್ ಕ್ಲಚ್ಚಿನ ವಿಷಯ ನಾನು ಬಿಡಿಸಿ ಹೇಳುತ್ತೇನೆ. ಒಳಗೊಂದು ಉಕ್ಕಿನ ಬಳೆ, ಹೊರಗೊಂದು ಬಳೆ, ನಡುವಿನ ಸಂದಿಯಲ್ಲಿ ಕಡಲೆಬೀಜದ ಸಿಪ್ಪೆಯ ಆಕಾರದ, ನಡು ಸಣ್ಣಗಾದ ಉಕ್ಕಿನ ತುಂಡುಗಳು. ಆ ಒಂದೊಂದು ತುಂಡೂ ಒಂದು ಸ್ಪ್ರ್ಯಾಗ್. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಇರುವ ಉದ್ದ ಸಂದಿಗಿಂತ ಕೂದಲಷ್ಟು ಹೆಚ್ಚು, ಇನ್ನೊಂದು ಮೂಲೆಯ ಉದ್ದ ಸಂದಿಗಿಂತ ಕಡಿಮೆ. ಒಂದು ಕಡೆ ತಿರುಗಿಸಿದರೆ ತುಂಡುಗಳು ಮಲಗಿ ದಾರಿ ಬಿಡುತ್ತವೆ, ಇನ್ನೊಂದು ಕಡೆ ತಿರುಗಿಸಿದರೆ ಎದ್ದು ನಿಂತು ಎರಡೂ ಬಳೆಗಳ ನಡುವೆ ಸಿಕ್ಕಿಕೊಳ್ಳುತ್ತವೆ.

ಎಣ್ಣೆಯಲ್ಲಿ ಮುಳುಗಿದ್ದರೂ ಹೇಗೆ ಕಚ್ಚುತ್ತದೆ ಎಂಬುದೇ ಇದರ ತಿರುಳು. ಯಾವುದೇ ಊರೆ ಲಂಬದಿಂದ ವಾಲಿದ ಕೋನದ ಟ್ಯಾಂಜೆಂಟು ಘರ್ಷಣೆ ಗುಣಾಂಕಕ್ಕಿಂತ ಕಡಿಮೆ ಇದ್ದರೆ ಎಷ್ಟು ಒತ್ತಿದರೂ ಅದು ಜಾರದು. ಒತ್ತಡ ಹೆಚ್ಚಿದಷ್ಟೂ ಹಿಡಿತವೂ ಅದೇ ಅಳತೆಯಲ್ಲಿ ಹೆಚ್ಚುತ್ತದೆ. ಎಣ್ಣೆ ಹತ್ತಿದ ಉಕ್ಕಿಗೆ ಗುಣಾಂಕ 0.1ರ ಆಸುಪಾಸು. ಸ್ಪ್ರ್ಯಾಗಿನ ವಾಲು ಸಾಮಾನ್ಯವಾಗಿ 2ರಿಂದ 4 ಡಿಗ್ರಿ, 4 ಡಿಗ್ರಿಯ ಟ್ಯಾಂಜೆಂಟು 0.07. ಅಂತರ ಎಷ್ಟು ಸಣ್ಣದು ನೋಡಿ. ಘರ್ಷಣೆ ಕಡಿಮೆ ಮಾಡುವ ಮಾಲಿಬ್ಡಿನಂ ಡೈಸಲ್ಫೈಡಿನಂಥ ಸೇರಿಕೆ ಇರುವ ಎಣ್ಣೆ ಹಾಕಿದರೆ ಆ ಅಂತರವೇ ಮಾಯವಾಗಿ ಕ್ಲಚ್ಚು ಜಾರಲು ತೊಡಗುತ್ತದೆ.

ಸೆಲ್ಫ್ ಸ್ಟಾರ್ಟ್ ಇರುವ ದೊಡ್ಡ ಸಿಂಗಲ್ ಸಿಲಿಂಡರ್ ಬೈಕಿನಲ್ಲಿ ಇದು ಕೆಡುವ ಮುಖ್ಯ ಕಾರಣ ಬ್ಯಾಟರಿ. ಚಾರ್ಜು ಇಳಿದಿದ್ದರೆ ಸ್ಟಾರ್ಟರು ಪಿಸ್ಟನ್ನನ್ನು ಕಂಪ್ರೆಷನ್ನಿನ ತುದಿ ದಾಟಿಸಲಾಗದೆ, ಕಿಡಿ ಮೊದಲೇ ಹೊತ್ತಿ ಇಂಜಿನ್ ಹಿಂದಕ್ಕೆ ಒದೆಯುತ್ತದೆ. ಆ ಒದೆತ ಪೂರ್ತಿ ಸ್ಪ್ರ್ಯಾಗಿನ ಮೂಗಿನ ಮೇಲೆ ಬೀಳುತ್ತದೆ. ಕೆಲವು ಸಲ ಒದೆಸಿಕೊಂಡ ಮೇಲೆ ಮೂಗು ಚಪ್ಪಟೆಯಾಗಿ, ಬಳೆಯ ಮೈಮೇಲೆ ಗೀರು ಬಿದ್ದು, ಸ್ಟಾರ್ಟರು ‘ಸುಂಯ್’ ಎಂದು ಸುತ್ತಿದರೂ ಇಂಜಿನ್ ಅಲುಗಾಡುವುದಿಲ್ಲ. ಕವರು ಬಿಚ್ಚಿ ಗೇರನ್ನು ಕೈಯಿಂದ ತಿರುಗಿಸಿ ನೋಡಿ. ಒಂದು ಕಡೆ ಸಲೀಸು, ಇನ್ನೊಂದು ಕಡೆ ತಕ್ಷಣ ಬಿಗಿ ಆಗಬೇಕು. ಹತ್ತು ಸಲದಲ್ಲಿ ಒಂದೇ ಒಂದು ಸಲ ಜಾರಿದರೂ ಬದಲಿಸಿ. ಬಳೆಯ ಮೇಲೆ ಉಗುರಿಗೆ ತಾಗುವ ಗೀರು ಇದ್ದರೆ ಸ್ಪ್ರ್ಯಾಗ್ ಜೊತೆ ಬಳೆಯನ್ನೂ ಬದಲಿಸಬೇಕು, ಹಳೆಯ ಬಳೆಗೆ ಹೊಸ ಸ್ಪ್ರ್ಯಾಗ್ ಹಾಕಿದರೆ ಮತ್ತೆ ಅದೇ ಗೀರಿನಲ್ಲಿ ಕೂತು ಜಾರುತ್ತದೆ. ಸ್ಪ್ರ್ಯಾಗುಗಳನ್ನು ಹಿಡಿದಿಡುವ ಪಂಜರವನ್ನು ತಿರುವುಮುರುವು ಕೂರಿಸಿದರಂತೂ ಸ್ಟಾರ್ಟರು ಇಂಜಿನನ್ನು ತಿರುಗಿಸುವುದೇ ಇಲ್ಲ.

ಈ ಕ್ಲಚ್ಚು ಗಣಿಗೇ ವಾಪಸು ಹೋಗಿದೆ. ಏರುಮುಖದ ಕನ್ವೇಯರ್ ಬೆಲ್ಟು ತುಂಬಿರುವಾಗ ಕರೆಂಟು ಹೋದರೆ ಇಡೀ ಬೆಲ್ಟು ಅದಿರಿನ ಸಮೇತ ಹಿಂದಕ್ಕೆ ಓಡುತ್ತದೆ. ಅದನ್ನು ತಡೆಯಲು ತಲೆಯ ಪುಲ್ಲಿಯ ಶಾಫ್ಟಿಗೆ ಇದನ್ನೇ ಹಾಕುತ್ತಾರೆ.

ಇನ್ನೊಂದು ವಿಷಯ. ಬ್ರೇಕು ಕಿರುಗುಟ್ಟುವುದಕ್ಕೆ 1961ರಲ್ಲಿ ಸ್ಪರ್ ಎಂಬ ಸಂಶೋಧಕ ಕೊಟ್ಟ ವಿವರಣೆಯ ಹೆಸರೇ ‘ಸ್ಪ್ರ್ಯಾಗ್–ಸ್ಲಿಪ್’. ಪ್ಯಾಡು ಡಿಸ್ಕಿಗೆ ಓರೆ ಊರೆಯ ಹಾಗೆ ಕಚ್ಚುತ್ತದೆ, ಅದನ್ನು ಹಿಡಿದಿರುವ ಭಾಗ ಬಾಗುತ್ತದೆ, ಬಾಗಿದಾಗ ಕೋನ ಬದಲಾಗಿ ಜಾರುತ್ತದೆ, ಮತ್ತೆ ಕಚ್ಚುತ್ತದೆ. ಸೆಕೆಂಡಿಗೆ ಸಾವಿರಾರು ಸಲ ಹೀಗಾದಾಗ ಕಿವಿಗೆ ಕೀರಲು. ಪ್ಯಾಡಿನ ಅಂಚನ್ನು ಇಳಿಜಾರಾಗಿ ಉಜ್ಜಿದರೆ ಎಷ್ಟೋ ಸಲ ಸದ್ದು ನಿಲ್ಲುವುದು ಕಚ್ಚುವ ಜಾಗ ಬದಲಾಗುವುದರಿಂದ.

ಆದ್ದರಿಂದ ನನ್ನ ಮಾತು: ಒತ್ತಿದಷ್ಟೂ ಬಿಗಿಯಾಗುವ ಓರೆ ಊರೆಯೇ ಸ್ಪ್ರ್ಯಾಗ್. ಎಲ್ಲ ಅರ್ಥಗಳನ್ನೂ ಹಿಡಿದಿಡುವ ಎಳೆ ಇದೇ.

ಎರಡನೇ ಪಾಳಿ

ಕ್ಲಚ್ಚಿನ ವಿವರಣೆ ಬಹಳ ಚೆನ್ನಾಗಿದೆ, ಆದರೆ ಕೊನೆಯ ಮಾತನ್ನು ಒಪ್ಪಲಾರೆ. ಕಲ್ಲಿದ್ದಲಿನ ಅಡಿಯ ಸ್ಪ್ರ್ಯಾಗ್ ಓರೆ ಅಲ್ಲ, ನೆಟ್ಟಗೆ ನಿಂತು ಭಾರ ಹೊರುವ ಕಂಬ. ಓರೆಯಾದರೆ ಅದು ಒದ್ದು ಹಾರುತ್ತದೆ. ಗಾಲಿಯದು ಊರೆಯೇ ಅಲ್ಲ, ಅರಕ್ಕೂ ಚೌಕಟ್ಟಿಗೂ ಅಡ್ಡ ಬೀಳುವ ಕಂಬಿ, ಅಲ್ಲಿ ಕೋನದ ಮಾತಿಲ್ಲ. ಕಾರಿನ ಸಲಾಕೆ ಮತ್ತು ನಿಮ್ಮ ಕ್ಲಚ್ಚು ಮಾತ್ರ ಓರೆ ಊರೆ. ಮೂರು ಬಗೆಯ ಕೆಲಸ ಇದೆ ಇಲ್ಲಿ.

ನನಗೆ ಕಾಣುವ ಎಳೆ ಬೇರೆ. ಗಣಿಯ ಚಾವಣಿಗೆ ಕೊಟ್ಟ ಕಂಬವನ್ನು ಯಾರೂ ಸ್ಪ್ರ್ಯಾಗ್ ಎನ್ನುತ್ತಿರಲಿಲ್ಲ, ಅದು ‘ಪ್ರಾಪ್’. ಚಾವಣಿ ನಿಲ್ಲಬೇಕು, ಕಂಬ ಇರಬೇಕು. ಸೀಳಿನ ಸ್ಪ್ರ್ಯಾಗ್ ಹಾಗಲ್ಲ. ಕೊರೆದು ಮುಗಿದ ಮೇಲೆ ಅದನ್ನು ಕೀಳಲೇಬೇಕು, ಕಿತ್ತಾಗ ಕಲ್ಲಿದ್ದಲು ಬೀಳಬೇಕು, ಆಗಲೇ ಕೂಲಿ. ಗಾಲಿಯದೂ ಹಾಗೆಯೇ, ಕಿತ್ತಾಗಲೇ ಟಬ್ಬು ಮುಂದೆ ಹೋಗುವುದು. ಕೀಳುವುದಕ್ಕೆಂದೇ ಕೊಡುವ ಮೋಟು ತುಂಡು ಸ್ಪ್ರ್ಯಾಗ್. ಅಪಾಯವೂ ಕೊಡುವಾಗ ಇರುವುದಕ್ಕಿಂತ ಕೀಳುವಾಗ ಹೆಚ್ಚು.

ಸ್ಪ್ಯಾನರ್ 14

ಗಣಿಯ ಎರಡು ಅರ್ಥಗಳಿಗೆ ನಿಮ್ಮ ಎಳೆಯೇ ಸರಿ ಎನ್ನಿಸುತ್ತದೆ. ಕಾರಿನ ನಂತರದ ಅರ್ಥಗಳಿಗೆ ನನ್ನದು ನಿಲ್ಲುತ್ತದೆ. ಕ್ಲಚ್ಚಿನ ಸ್ಪ್ರ್ಯಾಗ್ ಕೂಡ ಕ್ಷಣಕ್ಷಣಕ್ಕೂ ತಾನೇ ಕೂತು ತಾನೇ ಬಿಡುತ್ತದೆ ಎಂಬುದನ್ನೂ ಸೇರಿಸಬಹುದು.

ಐದು ದೀಪ

ಕೆ.ಜಿ.ಎಫ್. ಕಡೆಯಿಂದ ಒಂದು ವಿವರ. 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಆಡಳಿತದಲ್ಲಿ ಕಾರ್ನ್‌ವಾಲಿನ ಗಣಿಗಾರರು ಬಂದರು, ಅವರದು ತವರ, ತಾಮ್ರದ ಗಣಿಯ ಮಾತು, ಕಲ್ಲಿದ್ದಲಿನದಲ್ಲ. ಕೋಲಾರದ ಚಿನ್ನದ ಎಳೆ ಬಹುತೇಕ ನೆಟ್ಟಗೆ ಇಳಿಯುತ್ತದೆ, ಆದ್ದರಿಂದ ಮರ ಬೇಕಾದದ್ದು ನೆಲಕ್ಕೂ ಚಾವಣಿಗೂ ನಡುವೆ ಅಲ್ಲ, ಎರಡು ಗೋಡೆಗಳ ನಡುವೆ ಅಡ್ಡಲಾಗಿ. ಅದಕ್ಕೆ ಕಾರ್ನಿಷ್ ಹೆಸರು ‘ಸ್ಟಲ್’. ಬುಡ ಕೊರೆದು ಬೀಳಿಸುವ ಕೆಲಸವೇ ಚಿನ್ನದ ಬಂಡೆಯಲ್ಲಿ ಇಲ್ಲ. ಹೀಗಾಗಿ ಊರೆಯ ಅರ್ಥದ ‘ಸ್ಪ್ರ್ಯಾಗ್’ ಅನ್ನು ಕೋಲಾರದ ದಾಖಲೆಗಳಲ್ಲಿ ಹುಡುಕಿ ಕಾಲ ಕಳೆಯಬೇಡಿ. ಗಾಲಿಯ ಅರ್ಥ ಮಾತ್ರ ಭಾರತದ ಗಣಿ ನಿಯಮಾವಳಿಗಳ ಮೂಲಕ ನಮ್ಮಲ್ಲೂ ಇದೆ.

ಕೋಲಾರದ ಗಣಿಯಲ್ಲಿ ದುಡಿಯುತ್ತಿದ್ದ ಬಹಳ ಜನರ ಮನೆಮಾತು ತಮಿಳು. ತಮಿಳಿನಲ್ಲಿ ತೇರಿನ ಗಾಲಿಗೆ ಕೊಡುವ ಮರದ ಬೆಣೆಗೆ ‘ಮುಟ್ಟುಕ್ಕಟ್ಟೈ’ ಎನ್ನುತ್ತಾರೆ. ಅದೇ ಪದ ಈಗ ‘ಕೆಲಸಕ್ಕೆ ಒಡ್ಡಿದ ಅಡ್ಡಿ’ ಎಂಬ ಅರ್ಥದಲ್ಲಿ ಪತ್ರಿಕೆಗಳಲ್ಲಿ ಓಡಾಡುತ್ತದೆ.

ನುಡಿಬೇರು

ನಮ್ಮ ‘ಅಡ್ಡಗಾಲು ಹಾಕು’ ಕೂಡ ಅದೇ ಕಡೆಯ ಮಾತು. ಇಂಗ್ಲಿಷಿನಲ್ಲಿ ಒಬ್ಬರ ಕೆಲಸ ಕೆಡಿಸುವುದಕ್ಕೆ ‘ಗಾಲಿಗೆ ಸ್ಪೋಕ್ ಹಾಕುವುದು’ ಎನ್ನುತ್ತಾರೆ. ಗಾಲಿಯಲ್ಲಿ ಅರ ಇರಲೇಬೇಕಲ್ಲ, ಹಾಕಿದರೆ ಕೆಡುವುದು ಹೇಗೆ ಎಂದು ಕೇಳುವವರಿಗೆ ಈ ಚರ್ಚೆಯಲ್ಲೇ ಉತ್ತರವಿದೆ: ಅಲ್ಲಿನ ‘ಸ್ಪೋಕ್’ ಎಂದರೆ ಗಾಲಿಯನ್ನು ನಿಲ್ಲಿಸಲು ತೂರಿಸುವ ಕಂಬಿ. ಯಾರ್ಕ್‌ಷೈರಿನ ಆಡುಮಾತಿನಲ್ಲಿ ‘ಸ್ಪ್ರ್ಯಾಗ್’ ಎಂದರೆ ಚಾಡಿ ಹೇಳು ಎಂಬ ಬಳಕೆಯೂ ಇದೆ.

ಪಟ್ಟಿಗೆ ಹೀಗೆ ಬರೆಯುತ್ತೇನೆ: ಕಲ್ಲಿದ್ದಲಿನ ಅಡಿಯದಕ್ಕೆ ‘ಮೋಟು ಊರೆ’, ಗಾಲಿಯದಕ್ಕೆ ‘ಅರಗೂಟ’, ಕಾರಿನದಕ್ಕೆ ‘ಹಿಂಬದಿ ಊರೆಗೋಲು’. ಕ್ಲಚ್ಚಿನದು ಸ್ಪ್ರ್ಯಾಗ್ ಎಂದೇ ಇರಲಿ, ಮೆಕ್ಯಾನಿಕ್ಕುಗಳು ಬಳಸುವ ಪದವನ್ನು ಬದಲಿಸಿದರೆ ಯಾರಿಗೂ ತಿಳಿಯದು. ‘ಅರಗೂಟ’ ಒಪ್ಪಿಗೆಯೇ?

ಕರಿಜಾಲಿ

ಒಪ್ಪಿಗೆ. ಗಾಡಿ ಬಲ್ಲವರಿಗೆ ಕೇಳಿದ ಕೂಡಲೇ ಎಲ್ಲಿ ಹೋಗುವ ಗೂಟ ಎಂದು ಕಾಣುತ್ತದೆ.

ಹಳಿಗಾಲಿ

ನನಗೂ ಒಪ್ಪಿಗೆ. ಅರ್ಥದ ಜೊತೆ ಭಾರತದ ನಿಯಮವನ್ನೂ ಒಂದು ಸಾಲು ಸೇರಿಸಿ. 2017ರಲ್ಲಿ ಹೊಸದು ಬರುವವರೆಗೆ ಇದ್ದ 1957ರ ಕಲ್ಲಿದ್ದಲು ಗಣಿ ನಿಯಮಾವಳಿಯ ಪ್ರಕಾರ 20ಕ್ಕೆ 1ಕ್ಕಿಂತ ಕಡಿದಾದ ಇಳಿಜಾರಿನಲ್ಲಿ ಟಬ್ಬು ಇಳಿಸುವವರು ಅದರ ಮುಂದೆ ಹೋಗುವಂತಿರಲಿಲ್ಲ. ಹಿಂದಿನಿಂದ ಹಿಡಿದು ನಿಭಾಯಿಸಲಾಗದ ಕಡೆ ಸ್ಪ್ರ್ಯಾಗ್ ಅಥವಾ ಅಂಥ ಬೇರೆ ಸಾಧನವಿಲ್ಲದೆ ಇಳಿಸುವಂತೆಯೇ ಇರಲಿಲ್ಲ.

ಕೀಳುವ ಕ್ರಮವನ್ನೂ ಬರೆಯಿರಿ, ಎರಡನೇ ಪಾಳಿ ಅವರು ಹೇಳಿದ ಹಾಗೆ ಪೆಟ್ಟು ಬೀಳುವುದು ಅಲ್ಲೇ. ಭಾರ ಬಿದ್ದಿರುವ ಅರಗೂಟವನ್ನು ಸುತ್ತಿಗೆಯಿಂದ ಹೊಡೆದು ತೆಗೆಯಬಾರದು, ಸಿಡಿದು ಮುಖಕ್ಕೆ ಬರುತ್ತದೆ. ಟಬ್ಬನ್ನು ಹಿಂದಿನಿಂದ ಅಥವಾ ಹಗ್ಗದಿಂದ ಅರ್ಧ ಅಡಿ ಮೇಲಕ್ಕೆ ಸರಿಸಿದರೆ ಗಾಲಿ ಹಿಂತಿರುಗಿ ಗೂಟ ಸಡಿಲವಾಗುತ್ತದೆ. ಸರಿಸುವ ಮೊದಲೇ ಕೆಳಗಿನ ಗಾಲಿಗೆ ಸ್ಕಾಚ್ ಕೊಟ್ಟಿರಬೇಕು. ಪಕ್ಕದಲ್ಲಿ ನಿಂತು ಗೂಟವನ್ನು ಹೊರಕ್ಕೆ ಎಳೆದುಕೊಂಡು, ಕೆಳಗಿನವರಿಗೆ ಕೂಗಿ ಹೇಳಿ, ಅವರು ಮರಳಿ ಕೂಗಿದ ಮೇಲೆ ಸ್ಕಾಚ್ ತೆಗೆಯಬೇಕು.

ಎರಡನೇ ಪಾಳಿ

ಸೀಳಿನ ಊರೆಗೂ ಅದೇ ಎಚ್ಚರ. ತಪ್ಪಿಸಿಕೊಳ್ಳುವ ದಾರಿಯಿಂದ ದೂರ ಇರುವ ತುದಿಯಿಂದ ಶುರು ಮಾಡಿ, ಒಂದೊಂದೇ ಕಿತ್ತು, ಪ್ರತಿ ಸಲ ನಿಂತು ಕಲ್ಲಿದ್ದಲು ಬಿರಿಯುವ ಸದ್ದು ಕೇಳಿ, ದಾರಿಯ ಕಡೆಗೆ ಸರಿಯುತ್ತಾ ಬರಬೇಕು. ಕೊನೆಯ ಊರೆಯನ್ನು ಉದ್ದ ಹಿಡಿಯ ಕೊಕ್ಕೆಯಿಂದಲೇ ಎಳೆಯಬೇಕು, ಕೈಯಿಂದ ಮುಟ್ಟಬಾರದು.